ತಗ್ಗು ಬಿದ್ದ ಅಡಿಗಲ್ಲು

ಶಿರಹಟ್ಟಿ
9 ನವೆಂಬರ್ 1998

ತಮ್ಮ ಅಯ್ಯೂಬನಿಗೆ ಅಕ್ಕ ರೋಶನಬಿಯ ಸಲಾಂ.

ಇತ್ತ ನಾವು ಕ್ಷೇಮ, ಅತ್ತ ನಿಮ್ಮ ಕ್ಷೇಮಕ್ಕೆ ಬರೆಯುವುದು ಎಂದು ಶುರು ಮಾಡೋಣ ಅಂದರೆ ಕೈ ಏಳಲಿಲ್ಲ. ನಾವು ಕ್ಷೇಮವಿಲ್ಲ. ನೀನು ಹೇಗಿದ್ದೀಯ ಎಂಬುದು ನನಗೆ ಊರವರ ಬಾಯಿಂದ ತಿಳಿಯಿತು. ಸಿಟ್ಟು ಬಂದಿರುವುದು ಅದಕ್ಕೇ.

ಬೆಟಗೇರಿಯ ನೇಕಾರ ಪಾಂಡಪ್ಪ ಮೊನ್ನೆ ಸೀರೆಯ ಗಂಟು ಹೊತ್ತು ನಮ್ಮ ಓಣಿಗೆ ಬಂದಿದ್ದ. ಗಂಟು ಬಿಚ್ಚುವ ಮೊದಲೇ ಬಾಯಿ ಬಿಚ್ಚಿದ. "ಅಕ್ಕಾರ, ನಿಮ್ಮ ತಮ್ಮಾರು ಲಕ್ಷ್ಮೇಶ್ವರದಾಗಿನ ನಿಮ್ಮ ಅಪ್ಪಾರ ಅಡಿಗಲ್ಲು ಮಾರತಾರಂತ. ಕಂಡಕಂಡಾರನ್ನ ರೇಟ್ ಕೇಳಾಕತ್ಯಾರ. ನನ್ನೂ ಕೇಳಿದ್ರು ನೋಡ್ರಿ! ನೇಕಾರ ಅಡಿಗಲ್ಲ ತಗೊಂಡು ಏನ ಮಾಡ್ಲಿ, ಮಗ್ಗದ ಮ್ಯಾಲ ಇಟ್ಟರ ಮಗ್ಗ ಮುರೀತೈತಿ" ಎಂದು ನಕ್ಕ. ನಾನು ನಗಲಿಲ್ಲ. ಅವನ ಸೀರೆಯನ್ನೂ ನೋಡಲಿಲ್ಲ.

ಅಬ್ಬಾ ಮಣ್ಣಿಗೆ ಹೋಗಿ ಒಂದು ಮಳೆಗಾಲ ಕಳೆದಿದೆ, ಅಷ್ಟೇ. ಲಕ್ಷ್ಮೇಶ್ವರದ ಕುಲುಮೆಯಲ್ಲಿ ಅವರು ಕೊನೆಗೆ ಊದಿದ ಬೆಂಕಿಯ ಬೂದಿ ಇನ್ನೂ ಹಾಗೇ ಇದೆ. ಕಂಬಾರ ಖಾಸಿಂಸಾಬರು ಜೀವಮಾನವಿಡೀ ಕಾಯ್ದ ಕಬ್ಬಿಣ ಇಟ್ಟು ಬಡಿದ ಆ ಕಬ್ಬಿಣದ ದಿಮ್ಮಿ, ಆ ಅಡಿಗಲ್ಲು ಮಾರುವ ಮಾತು ಸೀರೆ ಮಾರುವವನಿಗೆ ತಿಳಿದಿದೆ, ಹೆತ್ತ ಮಗಳಿಗೆ ತಿಳಿದಿಲ್ಲ. ಬಹಳ ಚೆಂದ ಆಯಿತು.

ನಮ್ಮ ಸುದ್ದಿ ಕೇಳು. ನಿನ್ನ ಭಾವ ಅಲ್ಲಾಉದ್ದೀನರ ಅಡಿಗಲ್ಲು ದಸರೆಯ ಹೊತ್ತಿಗೆ ಮೂಲೆಯಿಂದ ನಡುವಿನ ತನಕ ಸೀಳಿತು. ಈಗ ರೈಲು ಹಳಿಯ ತುಂಡೊಂದನ್ನು ಕೊರಡಿಗೆ ಜಡಿದು ಕೆಲಸ ಮಾಡುತ್ತಿದ್ದೇವೆ. ಇಕ್ಕಳ ಅವರದು, ಚಮ್ಮಟಿಗೆ ನನ್ನದು. ಏಟು ಹಾಕಿದರೆ ಹಳಿ ಕಪ್ಪೆಯ ಹಾಗೆ ಕುಪ್ಪಳಿಸುತ್ತದೆ. ಬಿಳಿಜೋಳದ ಸುಗ್ಗಿ ಬಂತೆಂದರೆ ಸುತ್ತಿನ ಹಳ್ಳಿಗಳಿಗೆಲ್ಲ ಕುಡಗೋಲು ನಾವೇ ಕೊಡಬೇಕು. ರೈತರು ರಾಶಿಯಲ್ಲಿ ಅಳೆದು ಕೊಡುವ ಆಯದ ಜೋಳದ ಮೇಲೆ ನಮ್ಮ ವರ್ಷ ನಿಂತಿದೆ. ಈ ಸಲ ಕುಡಗೋಲು ಕೆಟ್ಟರೆ ಆಯ ಬೇರೆ ಕಂಬಾರನ ಮನೆಗೆ ಹೋಗುತ್ತದೆ. ಒಮ್ಮೆ ಹೋದ ಆಯ ತಿರುಗಿ ಬಂದದ್ದನ್ನು ನಾನು ಕಂಡಿಲ್ಲ.

ಆದ್ದರಿಂದ ಮಾರುವುದಾದರೆ ನನಗೆ ಮಾರು. ಪುಕ್ಕಟೆ ಕೇಳುತ್ತಿಲ್ಲ, ಅಡಿಗಲ್ಲನ್ನು ಪುಕ್ಕಟೆ ತೆಗೆದುಕೊಳ್ಳಬಾರದೆಂದು ಅಬ್ಬಾನೇ ಹೇಳುತ್ತಿದ್ದರು. ಬೆಲೆ ಎಷ್ಟು ಎಂದು ಬರೆ.

ನಿನ್ನ ಅಕ್ಕ
ರೋಶನಬಿ

*

ಗದಗ
20 ನವೆಂಬರ್ 1998

ಆಪಾಗೆ ಅಯ್ಯೂಬನ ಸಲಾಂ.

ಬೆಲೆ ಕೇಳಿದ್ದೀಯ, ಹೇಳುತ್ತೇನೆ. ಬೈದದ್ದಕ್ಕೆ ಉತ್ತರ ಆಮೇಲೆ.

ಹಳೆಯ ಅಡಿಗಲ್ಲಿಗೆ ಒಂದೇ ಬೆಲೆ ಎಂಬುದಿಲ್ಲ. ನಮ್ಮದು ಒಂದು ಕ್ವಿಂಟಲಿನ ಮೇಲೆ ಹತ್ತು ಕಿಲೋ ತೂಗುತ್ತದೆ. ಗುಜರಿಯವನಿಗೆ ಅದು ಬರಿ ಕಬ್ಬಿಣ, ಕಿಲೋಗೆ ಏಳೆಂಟು ರೂಪಾಯಿ ಎನ್ನುತ್ತಾನೆ. ಸಾವಿರವೂ ಮುಟ್ಟುವುದಿಲ್ಲ. ಹಳೆಯ ಹತ್ಯಾರಗಳ ವ್ಯಾಪಾರಿಗೆ ತೋರಿಸಿದರೆ ಅವನು ಮೊದಲು ಮುಖ ನೋಡುತ್ತಾನೆ, ಸಪಾಟಾಗಿದೆಯೋ ಇಲ್ಲವೋ, ಅಂಚು ಉದುರಿದೆಯೋ ಎಂದು. ಆಮೇಲೆ ಸಣ್ಣ ಸುತ್ತಿಗೆಯನ್ನು ಸಡಿಲ ಕೈಯಿಂದ ಬಿಡುತ್ತಾನೆ. ಸುತ್ತಿಗೆ ಪುಟಿದು, ಗಂಟೆ ಬಾರಿಸಿದ ಹಾಗೆ ನಾದ ಬಂದರೆ ಕಿಲೋಗೆ ಇಪ್ಪತ್ತೈದು, ಮೂವತ್ತರ ತನಕ ಏರುತ್ತಾನೆ. ಸದ್ದು ಸತ್ತಿದ್ದರೆ ಒಳಗೆ ಬಿರುಕಿದೆ ಎಂದು ಎದ್ದು ಹೋಗುತ್ತಾನೆ. ಹೊಸದು ಬೇಕಾದರೆ ಹುಬ್ಬಳ್ಳಿಯಿಂದ ತರಿಸಬೇಕು, ಐದಾರು ಸಾವಿರ. ಅದೂ ಎರಕದ ಮಾಲು, ಎರಡು ಸುಗ್ಗಿಗೆ ಅಂಚು ಬಿಡುತ್ತದೆ. ನಿನಗೆ ಮೂರು ಸಾವಿರ. ಅಕ್ಕ ಎಂದು ಹೇಳಿದ ಬೆಲೆ ಇದು.

ಇನ್ನು ಬೈದದ್ದಕ್ಕೆ. ಗದಗ ಜಿಲ್ಲೆಯಾಗಿ ವರ್ಷ ದಾಟಿತು. ದಿನಕ್ಕೊಂದು ಕಟ್ಟಡ ಏಳುತ್ತಿದೆ, ಎಲ್ಲರಿಗೂ ಗೇಟು ಬೇಕು, ಕಿಟಕಿಗೆ ಸರಳು ಬೇಕು. ನನ್ನ ವೆಲ್ಡಿಂಗ್ ಮಷೀನು ಸಣ್ಣದು, ಅರ್ಧ ದಿನಕ್ಕೆ ಕಾದು ನಿಲ್ಲುತ್ತದೆ. ದೊಡ್ಡದಕ್ಕೆ ಹಣ ಬೇಕು. ಬೀಗ ಹಾಕಿದ ಕುಲುಮೆಯಲ್ಲಿ ತುಕ್ಕು ಹಿಡಿಯುತ್ತಿರುವುದನ್ನು ಮಾರಿದರೆ ಅದೇನು ಗುನ್ಹೆಯೇ?

ಅಬ್ಬಾ ಕೊನೆಯ ವರ್ಷ ಮಲಗಿದ್ದು ಯಾರ ಮನೆಯಲ್ಲಿ? ನೀನು ಬಂದಾಗಲೆಲ್ಲ ಅವರು ಎದ್ದು ಕೂರುತ್ತಿದ್ದರು, ಚಹಾ ಕುಡಿಯುತ್ತಿದ್ದರು, ನಗುತ್ತಿದ್ದರು. ನೀನು ಬಸ್ಸು ಹತ್ತಿದ ಮೇಲೆ ಮತ್ತೆ ಮಲಗುತ್ತಿದ್ದರು. ನಿನಗೆ ಸಿಕ್ಕಿದ್ದು ಕೂತ ಅಬ್ಬಾ. ನನಗೆ ಸಿಕ್ಕಿದ್ದು ಮಲಗಿದ ಅಬ್ಬಾ. ಇದನ್ನು ಸೀರೆ ಮಾರುವವನು ನಿನಗೆ ಹೇಳಲಿಲ್ಲವೇನು?

ಅಯ್ಯೂಬ

*

ಶಿರಹಟ್ಟಿ
29 ನವೆಂಬರ್ 1998

ಅಯ್ಯೂಬ,

ನಿನ್ನ ಕಾಗದವನ್ನು ನಿನ್ನ ಭಾವನಿಗೆ ಓದಿ ಹೇಳಿದೆ. ಅವರು ತಿದಿ ಒತ್ತುವುದನ್ನು ಬಿಟ್ಟು ಕೇಳಿದರು. "ಬೆಲಿ ಅಷ್ಟೇನ ಹೆಚ್ಚಿಲ್ಲ ಬಿಡ" ಎಂದರು. ಅವರಿಗೆ ಎಲ್ಲರೂ ಒಳ್ಳೆಯವರೇ. ನನಗೆ ಹಾಗಿಲ್ಲ.

ಮೂರು ಸಾವಿರ ಹೆಚ್ಚೆಂದು ನನಗೆ ಸಿಟ್ಟಲ್ಲ. ಯಾರು ಯಾರಿಗೆ ಬೆಲೆ ಹೇಳುತ್ತಿದ್ದಾರೆ ಎಂಬುದಕ್ಕೆ ಸಿಟ್ಟು. ಹದಿನಾಲ್ಕನೇ ವಯಸ್ಸಿಗೆ ಅಬ್ಬಾ ನನ್ನ ಕೈಗೆ ಚಮ್ಮಟಿಗೆ ಕೊಟ್ಟರು. ನಿಕಾಹ್ ಆಗಿ ಈ ಊರಿಗೆ ಬರುವ ತನಕ ನಾನು ಅವರ ಎದುರು ನಿಂತು ಬಡಿದೆ. ಹೆಣ್ಣುಮಗಳು ಘಟ್ಟಿಯಾಗಿ ಬಡಿಯುತ್ತಾಳೆಂದು ಸಂತೆಗೆ ಬಂದವರು ನಿಂತು ನೋಡುತ್ತಿದ್ದರು. "ನೋಡಾಕ ರೊಕ್ಕ ಕೊಡ್ರಿ" ಎಂದು ಅಬ್ಬಾ ಓಡಿಸುತ್ತಿದ್ದರು. ನೀನು ಆಗ ಎಲ್ಲಿದ್ದೆ? ಬಾಗಿಲಲ್ಲಿ ಪಾಟಿ ಹಿಡಿದು ಕೂತಿದ್ದೆ. ಆ ಅಡಿಗಲ್ಲಿನ ಮೇಲೆ ನಿನ್ನ ಒಂದು ಏಟೂ ಇಲ್ಲ. ಒಂದು ಏಟೂ ಹಾಕದವನು ಗಂಟೆ, ನಾದ, ಅಂಚು, ಮುಖ ಎಂದು ನನಗೆ ಪಾಠ ಹೇಳುತ್ತಾನೆ!

ಎರಡು ಆಡು ಮಾರಿದ್ದೇವೆ. ಒಂದೂವರೆ ಸಾವಿರ ಕೈಯಲ್ಲಿದೆ. ಉಳಿದದ್ದು ರಾಶಿಯಾದ ಮೇಲೆ. ಅಡಿಗಲ್ಲು ಹೇಗಿದೆಯೋ ಹಾಗೆ ಟೆಂಪೋಗೆ ಹಾಕಿ ಕಳಿಸು.

ರೋಶನಬಿ

*

ಗದಗ
10 ಡಿಸೆಂಬರ್ 1998

ಆಪಾ,

ಒಂದು ಏಟೂ ಇಲ್ಲ ಎಂದೆ. ತಪ್ಪು. ಒಂದು ಇದೆ.

ನೀನು ನೀರಿಗೆ ಹೋಗಿದ್ದೆ. ಅಬ್ಬಾ ಹಿತ್ತಲಲ್ಲಿ ಇದ್ದಿಲು ತುಂಬುತ್ತಿದ್ದರು. ನಾನು ನಿನ್ನ ಚಮ್ಮಟಿಗೆ ಎತ್ತಿ, ಎಡಗೈ ಮುಂದೆ ಹಿಡಿದು, ಬರಿ ಅಡಿಗಲ್ಲಿನ ಮೇಲೆ ಒಂದು ಹಾಕಿದೆ. ಎಂಥ ನಾದ ಬಂತು ಗೊತ್ತೇ! ಆ ನಾದ ನಿಲ್ಲುವ ಮೊದಲೇ ಕಪಾಳಕ್ಕೆ ಬಿತ್ತು. "ಬರಿ ಅಡಿಗಲ್ಲ ಬಡೀತಿಯೇನಲೇ! ಬರಿ ಅಡಿಗಲ್ಲ ಬಡದರ ಮನಿ ಗ್ವಾಡಿ ನಿಂದ್ರೂದಿಲ್ಲ. ಅದೂ ಎಡಗೈಲೆ! ಎಡಚನ ಏಟು ಇಕ್ಕಳ ಹಿಡದಾವನ ಕೈ ಮುರೀತೈತಿ. ಹೋಗ, ಪಾಟಿ ಹಿಡಿ." ಅಂದಿನಿಂದ ಕುಲುಮೆಯ ಹೊಸ್ತಿಲು ನನಗೆ ಬಂದ್. ಆ ವರ್ಷವೇ ಮಳೆಗೆ ನಮ್ಮ ಹಿಂದಿನ ಗೋಡೆ ಬಿತ್ತು, ನೆನಪಿದೆಯೇ? ಊರಲ್ಲಿ ಎಷ್ಟೋ ಗೋಡೆ ಬಿದ್ದವು. ನಮ್ಮದು ಮಾತ್ರ ಅಯ್ಯೂಬನಿಂದ ಬಿತ್ತು. ನೀನೂ ಹಾಗೇ ಅಂದೆ. ನಗುತ್ತಾ ಅಂದೆ, ಆದರೂ ಅಂದೆ.

ಪಾಟಿ ಹಿಡಿದು ಕೂತಿದ್ದೆ ಎನ್ನುತ್ತೀಯ. ಕೂರಿಸಿದವರು ಯಾರು?

ನಿನ್ನ ಒಂದೂವರೆ ಸಾವಿರ ನಿನ್ನಲ್ಲೇ ಇರಲಿ. ಎಳ್ಳ ಅಮಾವಾಸ್ಯೆ ಕಳೆದ ಮೇಲೆ ಮುಂಡರಗಿಯ ವ್ಯಾಪಾರಿಯೊಬ್ಬ ಅಡಿಗಲ್ಲು ನೋಡಲು ಲಕ್ಷ್ಮೇಶ್ವರಕ್ಕೆ ಬರುತ್ತಾನೆ. ಹೆಚ್ಚು ಕೊಟ್ಟವನಿಗೆ ಮಾಲು.

ಅಯ್ಯೂಬ

*

ಬೆಟಗೇರಿ
26 ಡಿಸೆಂಬರ್ 1998

ರೋಶನಬಿ ಅಕ್ಕಾರಿಗೆ ಪಾಂಡಪ್ಪನ ನಮಸ್ಕಾರ.

ನೀವಿಬ್ಬರೂ ನನ್ನನ್ನು ಬೈಯುತ್ತಿದ್ದೀರಿ ಎಂದು ಗೊತ್ತು. ಮಗ್ಗದಲ್ಲಿ ಲಾಳಿಯ ಗತಿ ಇದೇ, ಈ ಕಡೆಯಿಂದ ಒಂದು ಏಟು, ಆ ಕಡೆಯಿಂದ ಒಂದು ಏಟು. ಆದರೆ ಲಾಳಿ ಓಡದಿದ್ದರೆ ಬಟ್ಟೆ ಆಗುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನಮ್ಮ ಮನೆಯಾಕೆ ಸಾವಂತ್ರೆವ್ವ ಬೇಡವೆಂದಳು. "ಅಕ್ಕ ತಮ್ಮಂದಿರ ಜಗಳದಾಗ ಹೊಕ್ಕಾವ ಎರಡೂ ಕಡೆ ಉಪವಾಸ" ಎಂದಳು. ಅವಳ ಮಾತು ನಾನು ಯಾವಾಗ ಕೇಳಿದ್ದೇನೆ!

ವ್ಯಾಪಾರಕ್ಕೆಂದು ಲಕ್ಷ್ಮೇಶ್ವರಕ್ಕೆ ಹೋಗಿದ್ದೆ. ನಿಮ್ಮ ಅಪ್ಪಾರ ಕುಲುಮೆಯ ಬಾಗಿಲು ತೆರೆದದ್ದು ಕಂಡು ಇಣುಕಿದೆ. ಮುಂಡರಗಿಯ ವ್ಯಾಪಾರಿ ಬಂದಿದ್ದ, ಹೊಟ್ಟೆಯೂ ಮಾತೂ ಮುಂದಿರುವ ಮನುಷ್ಯ. ಸುತ್ತಿಗೆ ಬಿಟ್ಟು ನೋಡಿದ. ಅಕ್ಕಾರ, ಆ ನಾದಕ್ಕೆ ನನ್ನ ತಲೆಯ ಮೇಲಿನ ಸೀರೆಯ ಗಂಟೇ ನಡುಗಿತು. ಆದರೆ ಆಮೇಲೆ ಅವನು ಅಡಿಗಲ್ಲಿನ ಮುಖದ ಮೇಲೆ ಒಂದು ಪಟ್ಟಿ ಇಟ್ಟು ಬಗ್ಗಿ ನೋಡಿದ. ಪಟ್ಟಿಯ ಕೆಳಗೆ ಬೆಳಕು ಕಾಣಿಸಿತು. ನಡುವೆ ತಗ್ಗು.

"ಯಪ್ಪಾ, ಇದು ಅಡಿಗಲ್ಲೋ ತೊಟ್ಟಲೋ? ಕೂಸಿನ್ನ ಹಾಕಿ ತೂಗಬಹುದು ನೋಡ! ಸಾವಿರ ತಗೋ, ಮುಗಸು" ಎಂದು ನಕ್ಕ.

ನಿಮ್ಮ ತಮ್ಮಾರ ಮುಖ ಕೆಂಪಾಯಿತು. "ಈ ತೊಟ್ಟಲಾ ತೂಗಿದಾಕಿ ನಮ್ಮಕ್ಕ. ಏನ ತಿಳದೀ? ನಡೀ ಹೊರಗ" ಎಂದರು. ಅವನು ಚಪ್ಪಲಿ ಹುಡುಕುವುದರೊಳಗೆ ಬಾಗಿಲು ಹಾಕಿಬಿಟ್ಟರು. ಒಂದು ಚಪ್ಪಲಿ ಒಳಗೇ ಉಳಿಯಿತು.

ಈಗ ಸಂತೋಷದ ಸುದ್ದಿ. ಅಡಿಗಲ್ಲನ್ನು ಟೆಂಪೋದಲ್ಲಿ ಗದಗಿನ ಅಂಗಡಿಗೆ ತಂದಿದ್ದಾರೆ. ರೋಜಾ ಇದ್ದುಕೊಂಡು, ಹನಿ ನೀರಿಲ್ಲದೆ, ನಿನ್ನೆ ಮೊನ್ನೆ ಎರಡೂ ದಿನ ಅದರ ಮುಂದೆ ಕೂತು ಆ ತಗ್ಗಿಗೆ ವೆಲ್ಡಿಂಗ್ ತುಂಬಿದ್ದಾರೆ. ನೀಲಿ ಬೆಳಕಿಗೆ ಓಣಿಯೆಲ್ಲ ಮಿಂಚು. ಗೇಟಿನ ಗಿರಾಕಿಗಳನ್ನು ವಾಪಸ್ ಕಳಿಸಿದರು. ಯಾಕ್ರಿ ಇಷ್ಟು ಕಷ್ಟ ಎಂದೆ. "ಇದನ್ನ ತೊಟ್ಟಲಂತ ಇನ್ನೊಬ್ಬ ಅನ್ನಬಾರದು. ಅಕ್ಕಗ ಸಪಾಟ ಮಾಡೇ ಕಳಸ್ತೀನಿ" ಎಂದರು. ಇನ್ನು ಉಜ್ಜಿ ನುಣುಪು ಮಾಡುವುದೊಂದು ಬಾಕಿ.

ಸಿಟ್ಟು ಬಿಡಿರಿ ಅಕ್ಕಾರ. ಹಬ್ಬಕ್ಕೆ ಸೀರೆ ತರುತ್ತೇನೆ, ಈ ಸಲವಾದರೂ ನೋಡಿರಿ.

ಇತಿ ನಿಮ್ಮ
ಪಾಂಡಪ್ಪ

*

ಗದಗ
28 ಡಿಸೆಂಬರ್ 1998

ಆಪಾ,

ಅಡಿಗಲ್ಲು ನಾಳಿನ ಟೆಂಪೋದಲ್ಲಿ ಬರುತ್ತದೆ. ಇಳಿಸಲು ನಾಲ್ಕು ಜನ ಇರಲಿ. ಬಾಡಿಗೆ ಕೊಟ್ಟಿದ್ದೇನೆ.

ಎರಡು ಸಾವಿರ ಸಾಕು. ಅದೂ ರಾಶಿಯಾದ ಮೇಲೆ. ಬೆಲೆ ಯಾಕೆ ಇಳಿಯಿತೆಂದು ಕೇಳಬೇಡ.

ಮುಖ ಕನ್ನಡಿಯ ಹಾಗಿದೆ. ಪಟ್ಟಿ ಇಟ್ಟು ನೋಡು, ಕೂದಲಿನಷ್ಟು ಬೆಳಕೂ ಕಾಣುವುದಿಲ್ಲ. ನನ್ನ ಏಟು ಅದರ ಮೇಲೆ ಒಂದೇ ಇರಬಹುದು. ನನ್ನ ಕೆಲಸ ಇದೆ.

ಅಯ್ಯೂಬ

*

ಶಿರಹಟ್ಟಿ
29 ಡಿಸೆಂಬರ್ 1998

ಅಯ್ಯೂಬ,

ಪಾಂಡಪ್ಪನ ಕಾಗದ ಈಗ ಕೈಗೆ ಬಂತು. ಅಡಿಗಲ್ಲಿನಿಂದ ಕೈ ತೆಗೆ. ಇನ್ನೊಂದು ಕಿಡಿ ಅದರ ಮೇಲೆ ಬೀಳಬಾರದು. ಯಾಕೆಂದು ಆಮೇಲೆ ಹೇಳುತ್ತೇನೆ. ಈ ಕಾರ್ಡು ಮುಟ್ಟಿದ ಕೂಡಲೇ ನಿಲ್ಲಿಸು.

ರೋಶನಬಿ

*

ಶಿರಹಟ್ಟಿ
4 ಜನವರಿ 1999

ಅಯ್ಯೂಬ,

ನನ್ನ ಕಾರ್ಡನ್ನು ಅಂಚೆಯ ಡಬ್ಬಿಗೆ ಹಾಕಿ ತಿರುಗುವಷ್ಟರಲ್ಲಿ ಟೆಂಪೋ ಓಣಿಯೊಳಗೆ ಬಂತು.

ಎಷ್ಟು ಚೆಂದ ಕಾಣುತ್ತಿತ್ತು! ನಿನ್ನ ಭಾವ ಅದರಲ್ಲಿ ಮುಖ ನೋಡಿಕೊಂಡು ಗಡ್ಡ ನೀವಿಕೊಂಡರು. ನಾನು ಸುತ್ತಿಗೆ ಎತ್ತಿ ಬಿಟ್ಟೆ. ಒಂದು ಕಡೆ ಧಪ್ ಎಂದಿತು. ಇನ್ನೊಂದು ಕಡೆ ಬಿಟ್ಟೆ. ಧಪ್. ಹಸಿ ಗೋಡೆಗೆ ಕೈ ಬಡಿದ ಹಾಗೆ. ಅಬ್ಬಾ ಇದ್ದಿದ್ದರೆ ಆ ಸದ್ದಿಗೇ ಸಾಯುತ್ತಿದ್ದರು. ಮೊದಲೇ ಹೋಗಿ ಬದುಕಿಕೊಂಡರು.

ಆ ತಗ್ಗು ಏನೆಂದುಕೊಂಡೆ ನೀನು? ಸವೆತ ಎಂದುಕೊಂಡೆಯಾ? ಖಾಸಿಂಸಾಬನ ಕುಡಗೋಲಿಗೆ ಮುಂಡರಗಿ, ಗದಗಿನ ತನಕ ಹೆಸರು ಬಂದದ್ದು ಆ ತಗ್ಗಿನಿಂದ. ಕಾಯ್ದ ಅಲಗನ್ನು ಅದರ ಮೇಲೆ ಇಟ್ಟು ಬೆನ್ನಿಗೆ ಬಡಿದರೆ ಅಲಗು ತಾನಾಗಿ ಬಳಕಿ ಹೊಟ್ಟೆ ತೆಗೆದುಕೊಳ್ಳುತ್ತದೆ. ಆ ಹೊಟ್ಟೆ ಇದ್ದರೆ ಕುಡಗೋಲು ಜೋಳದ ದಂಟನ್ನು ತಬ್ಬುತ್ತದೆ, ಇಲ್ಲವಾದರೆ ಜಾರುತ್ತದೆ. ಅಬ್ಬಾ ಮತ್ತು ನಾನು ವರ್ಷಗಟ್ಟಲೆ ಬಡಿದು ಮಾಡಿದ ತಗ್ಗು ಅದು. ವ್ಯಾಪಾರಿಗೆ ಅದು ಖೋಡಿ. ನಮಗೆ ಅದೇ ಅಡಿಗಲ್ಲು, ಉಳಿದದ್ದು ಅದರ ಕೆಳಗಿನ ಭಾರ. ನೀನು ಅದನ್ನು ತುಂಬಿದ್ದೀಯ. ತುಂಬುವಾಗ ಶಾಖ ಹತ್ತಿಸಿ ಮುಖದ ಗಡಸನ್ನೂ ಕೊಂದಿದ್ದೀಯ.

ನಿನ್ನೆ ಬಿಂಕದಕಟ್ಟಿಯ ಹನಮಂತವ್ವ ಬಂದಿದ್ದಳು. ಎಂಟು ಎಕರೆ ಜೋಳ ಅವಳದು. ಸಪಾಟು ಅಡಿಗಲ್ಲಿನ ಮೇಲೆ ಬಡಿದದ್ದನ್ನು ಕೈಗೆ ಕೊಟ್ಟೆ. ಗಾಳಿಯಲ್ಲಿ ಎರಡು ಸಲ ಬೀಸಿದಳು.

"ಏನವಾ ರೋಶನಬಿ, ಕುಡಗೋಲು ಕೇಳಿದರ ರೊಟ್ಟಿ ಮಗಚೂ ಚುಚ್ಚಗ ಕೊಟ್ಟಿಯಲ್ಲ!"

"ಇದೊಂದು ಸಲ ನಡಸ್ರಿ ಯವ್ವಾ."

"ನಾ ನಡಸೇನು. ದಂಟು ನಡಸಬೇಕಲ್ಲ? ಸುಗ್ಗಿ ಮಟಾ ನೋಡತೀನಿ. ಇಲ್ಲಾಂದ್ರ ಹಿರೇಹಂದಿಗೋಳದ ಕಂಬಾರ ಐದಾನ. ಸಿಟ್ಟ ಆಗಬ್ಯಾಡ."

ಅವಳು ಹೋದರೆ ಬಿಂಕದಕಟ್ಟಿಯ ಆಯವೆಲ್ಲ ಅವಳ ಹಿಂದೆ ಹೋಗುತ್ತದೆ. ಈಗ ಹೇಳು, ಎರಡು ಸಾವಿರ ಎಂದಿದ್ದೀಯಲ್ಲ, ಯಾತಕ್ಕೆ ಕೊಡಲಿ? ಕನ್ನಡಿಗೋ?

ರೋಶನಬಿ

*

ಗದಗ
12 ಜನವರಿ 1999

ಆಪಾ,

ಹಣ ಬೇಡ. ಗುಜರಿಗೆ ಹಾಕು. ಇನ್ನು ಈ ಅಡಿಗಲ್ಲಿನ ಮಾತು ನನ್ನ ಹತ್ತಿರ ಬೇಡ.

ಆದರೆ ಒಂದನ್ನು ಕೇಳಿಕೋ. ಆ ತಗ್ಗು ಯಾತಕ್ಕೆಂದು ನನಗೆ ಯಾರು ಹೇಳಿದ್ದರು? ಅಬ್ಬಾ ಹೇಳಿದ್ದರೇ? ನೀನು ಹೇಳಿದ್ದೆಯಾ? ಕಾಗದದ ಮೇಲೆ ಕಾಗದ ಬರೆದೆ, ಬೈದೆ, ಆಡಿನ ಲೆಕ್ಕ ಹೇಳಿದೆ. ತಗ್ಗಿನ ಮಾತು ಒಂದು ಸಾಲು ಬರೆದಿದ್ದರೆ ಸಾಕಾಗಿತ್ತು. ಬರೆಯಲಿಲ್ಲ ಯಾಕೆಂದರೆ ಅದು ಎಲ್ಲರಿಗೂ ಗೊತ್ತು ಎಂದುಕೊಂಡೆ. ಎಲ್ಲರೂ ಎಂದರೆ ನೀನು ಮತ್ತು ಅಬ್ಬಾ. ಹೊಸ್ತಿಲ ಆಚೆ ನಿಲ್ಲಿಸಿದವರು ನೀವು, ಒಳಗಿನದು ಗೊತ್ತಿಲ್ಲವೆಂದು ಉಗಿಯುವವರೂ ನೀವು.

ಮುಂಡರಗಿಯವನು ನಕ್ಕಾಗ ಸಾವಿರಕ್ಕೆ ಕೊಟ್ಟುಬಿಡಬೇಕಿತ್ತು. ಅವನ ಚಪ್ಪಲಿ ಇನ್ನೂ ನನ್ನ ಹತ್ತಿರವೇ ಇದೆ.

ಹಬ್ಬಕ್ಕೆ ನಾವು ಬರುವುದಿಲ್ಲ. ನೀವೂ ಬರಬೇಡಿ.

ಅಯ್ಯೂಬ

*

ಶಿರಹಟ್ಟಿ
24 ಜನವರಿ 1999

ಅಯ್ಯೂಬ,

ಬರುವುದಿಲ್ಲ ಎಂದೆ, ಬರಲಿಲ್ಲ. ನಾನು ಮಾಡಿದ ಶೀರ್‌ಖುರ್ಮಾ ಓಣಿಯವರು ತಿಂದರು. ನಿನ್ನ ಪಾಲಿನದನ್ನು ಯಾರಿಗೂ ಕೊಡಲು ಮನಸ್ಸಾಗದೆ ನಾನೇ ತಿಂದೆ, ಎರಡು ದಿನ ಹೊಟ್ಟೆ ಕೆಟ್ಟಿತು. ಅದೂ ನಿನ್ನ ಲೆಕ್ಕಕ್ಕೇ.

ಹೊಸ್ತಿಲಿನ ಮಾತು ಬರೆದಿದ್ದೀಯ. ಅದು ನಿಜ. ನಿಜವಾದ್ದಕ್ಕೇ ಸಿಟ್ಟು ಇನ್ನೂ ಹೆಚ್ಚಾಗಿದೆ.

ಕೆಲಸದ ಮಾತು ಕೇಳು. ಗುಜರಿಗೆ ಹಾಕುವುದಿಲ್ಲ. ನಿನ್ನ ಭಾವ ಒಂದು ದಿನವಿಡೀ ಅಡಿಗಲ್ಲಿನ ಸುತ್ತ ಕೂತು, ಮುಟ್ಟಿ, ಬಡಿದು, ನಾಲಿಗೆ ಹಚ್ಚಿಯೂ ನೋಡಿದರು. "ಒಳಗ ಬಿರುಕಿಲ್ಲ. ಮ್ಯಾಗಿನ ಮುಖ ಮೆತ್ತಗಾಗೇತಿ, ಅಷ್ಟ. ಮೆತ್ತಗಾದ ಕಬ್ಬಿಣಕ್ಕ ಏಟೇ ಔಷಧ. ತಣ್ಣಗಿದ್ದಾಗ ಗುಂಡು ಮುಖದ ಚಮ್ಮಟಗೀಲೆ ನಡುವ ಬಡದು ಬಡದು ತಗ್ಗ ಇಳಿಸಬೇಕು. ಬಡದಂಗ ಬಡದಂಗ ಬಿಗಿ ಆಕ್ಕೈತಿ. ಮೊದಲಿನಷ್ಟು ಆಗೂದಿಲ್ಲ. ಕುಡಗೋಲಿಗೆ ಸಾಕು" ಎಂದರು.

ನಾನು ಚಮ್ಮಟಿಗೆ ಎತ್ತಿದೆ. ಅತ್ತೆ ಶಮಶಾದಬಿ ಒಳಗಿಂದ ಓಡಿ ಬಂದು ಅಡಿಗಲ್ಲಿನ ಮೇಲೆ ಸೆರಗು ಹಾಕಿದರು. "ಕಬ್ಬಿಣಿಲ್ಲದ ಬರಿ ಅಡಿಗಲ್ಲ ಬಡೀತಿಯಾ? ನನ್ನ ಮನಿ ಗ್ವಾಡಿ ನಿಂತಿದ್ದು ನಿನ್ನ ಕಣ್ಣಿಗೆ ಚುಚ್ಚತೈತೇನ?" ಇಲ್ಲಿಯೂ ಅದೇ ನಂಬಿಕೆ. ನಿನ್ನ ಭಾವನೂ ಹಿಂದೆ ಸರಿದರು. ಓಣಿಯಲ್ಲಿ ಇನ್ನೆರಡು ಮನೆ ಕಂಬಾರರಿದ್ದಾರೆ, ಕೇಳಿದೆ, ಕೈ ಮುಗಿದರು. ಇದು ಒಬ್ಬರ ಕೆಲಸವಲ್ಲ, ಎದುರುಬದುರು ಇಬ್ಬರು ಬೇಕು. ಗೋಡೆ ಬೀಳುತ್ತದೆಂಬ ಹೆದರಿಕೆ ಗೋಡೆ ಇದ್ದವರಿಗೆ. ಅಬ್ಬಾನ ಮನೆಯ ಗೋಡೆಯಂತೂ ನಾವಿಬ್ಬರೂ ಸೇರಿ ಕೆಡವಿ ಆಗಿದೆ. ಹೆದರಿಕೆಯಿಲ್ಲದೆ ಬರಿ ಅಡಿಗಲ್ಲು ಬಡಿಯುವವರು ಭೂಮಿಯ ಮೇಲೆ ಇಬ್ಬರೇ ಉಳಿದಿದ್ದಾರೆ. ಒಬ್ಬಳು ನಾನು. ಇನ್ನೊಬ್ಬ ಹಿಂದೆ ಒಂದು ಏಟು ಹಾಕಿ ಕಪಾಳಕ್ಕೆ ತಿಂದವನು.

ಬಂದು ಬಡಿ. ತಗ್ಗು ತುಂಬಿದವನು ತಗ್ಗು ತೆಗೆಯಬೇಕು. ನಿನ್ನ ಎಡಗೈಗೆ ಇಲ್ಲಿ ಯಾರೂ ಏನೂ ಅನ್ನುವುದಿಲ್ಲ. ಇಕ್ಕಳ ಹಿಡಿಯುವವರೇ ಇರುವುದಿಲ್ಲ, ಯಾರ ಕೈ ಮುರಿಯುತ್ತೀ?

ಸುಗ್ಗಿ ಬಂತು.

ರೋಶನಬಿ

*

ಗದಗ
27 ಜನವರಿ 1999

ಶುಕ್ರವಾರ ಬರುತ್ತೇನೆ. ಅಡಿಗಲ್ಲಿಗಾಗಿ ಬರುತ್ತೇನೆ, ನಿನಗಾಗಿ ಅಲ್ಲ.

ಅಯ್ಯೂಬ

*

ಗದಗ
1 ಫೆಬ್ರವರಿ 1999

ಆಪಾಗೆ ಗುಲ್ನಾಜಳ ಸಲಾಂ.

ಇವರ ಎರಡೂ ಅಂಗೈಯಲ್ಲಿ ಗುಳ್ಳೆ ಎದ್ದು ಒಡೆದಿವೆ, ಪೆನ್ನು ಹಿಡಿಯಲು ಬರುತ್ತಿಲ್ಲ. ಅದಕ್ಕೆ ನಾನು ಬರೆಯುತ್ತಿದ್ದೇನೆ. ಇವರು ಹೇಳಿದ ಹಾಗೇ ಬರೆಯಬೇಕಂತೆ.

"ನಿನ್ನ ಅತ್ತೆ ಕಿವಿ ಮುಚ್ಚಿಕೊಂಡು ಕೂತದ್ದು ನನಗೆ ಕಾಣಲಿಲ್ಲವೆಂದು ತಿಳಿಯಬೇಡ. ನೀನು ನನ್ನ ಏಟು ನೋಡಿ ತುಟಿ ಕಚ್ಚಿದ್ದೂ ಕಂಡಿತು. ನನ್ನ ಏಟು ಓರೆ ಬೀಳುವುದು ನನ್ನ ತಪ್ಪಲ್ಲ. ನಾನು ನಿಂತ ಕಡೆ ಗೋಡೆ ಅಡ್ಡ ಬರುತ್ತದೆ, ಎಡಚನ ಚಮ್ಮಟಿಗೆ ಪೂರ್ತಿ ತಿರುಗುವುದಿಲ್ಲ. ಎಲ್ಲ ಕುಲುಮೆಗಳನ್ನೂ ಬಲಗೈಯವರೇ ಬಲಗೈಯವರಿಗೆ ಕಟ್ಟಿದ್ದಾರೆ. ಬರುವ ಶುಕ್ರವಾರ ಅಂಗಡಿ ಬಂದ್ ಮಾಡಿ ಬೆಳಗ್ಗೆಯೇ ಬರುತ್ತೇನೆ. ಮಾತಾಡಿಸಬೇಡ."

ಇಷ್ಟು ಇವರ ಮಾತು. ನನ್ನದು ಎರಡು ಸಾಲು. ಶುಕ್ರವಾರ ನಿಮ್ಮಲ್ಲಿಂದ ತಿರುಗಿ ಬಂದವರು ಊಟ ಮಾಡಿದ್ದೇ ಮಲಗಿದರು. ನಿದ್ದೆಯಲ್ಲಿ ಎಡಗೈ ಎತ್ತಿ ಎತ್ತಿ ಹಾಕುತ್ತಿದ್ದರು. ನಾನು ಪಕ್ಕಕ್ಕೆ ಸರಿದು ಮಲಗಿದೆ. ಏನು ಬರೆಯುತ್ತಿದ್ದೀ ಇಷ್ಟು ಹೊತ್ತು ಎಂದು ಈಗ ಕೇಳುತ್ತಿದ್ದಾರೆ. ವಿಳಾಸ ಎಂದೆ.

ಗುಲ್ನಾಜ

*

ಶಿರಹಟ್ಟಿ
16 ಫೆಬ್ರವರಿ 1999

ಅಯ್ಯೂಬ,

ಮೂರು ಶುಕ್ರವಾರ ಎದುರುಬದುರು ನಿಂತೆವು. ನೀನು ನನ್ನೊಂದಿಗೆ ಆಡಿದ್ದು "ನೀರು" ಎಂಬ ಒಂದೇ ಮಾತು. ನಾನು ತಂದುಕೊಟ್ಟೆ. ನೀನು ಕುಡಿದು ಲೋಟವನ್ನು ನೆಲಕ್ಕೆ ಇಟ್ಟೆ, ನನ್ನ ಕೈಗೆ ಕೊಡಲಿಲ್ಲ. ಲೆಕ್ಕ ಇಟ್ಟಿದ್ದೇನೆ.

ಪಾಂಡಪ್ಪನ ಕೈಯಲ್ಲಿ ಒಂದು ಕುಡಗೋಲು ಕಳಿಸಿದ್ದೇನೆ. ನಿನ್ನ ತಗ್ಗಿನ ಮೇಲೆ ಬಡಿದ ಮೊದಲನೆಯದು. ಹೊಟ್ಟೆ ಬಂದಿದೆ. ಆದರೆ ಬೆಳಕಿಗೆ ಹಿಡಿದು ನೋಡು, ಕೂದಲೆಳೆಯಷ್ಟು ಓರೆಯಾಗಿದೆ. ನಿನ್ನ ಏಟು ಎಲ್ಲಿ ಬಿದ್ದವೋ ತಗ್ಗು ಅಲ್ಲಿ ಇಳಿದಿದೆ, ನಡುವೆ ಅಲ್ಲ, ಒಂದು ಬೆರಳು ಆ ಕಡೆಗೆ. ಇನ್ನು ಈ ಮನೆಯಿಂದ ಹೋಗುವ ಕುಡಗೋಲೆಲ್ಲ ಹಾಗೇ ಹೋಗುತ್ತವೆ.

ಹನಮಂತವ್ವ ಬಂದು ಬೀಸಿ ನೋಡಿದಳು.

"ಇದ್ಯಾಕವಾ ಸೊಟ್ಟ ಐತಿ?"

"ನನ್ನ ತಮ್ಮನ ಕೈರೀ ಅದು."

"ನಿನ್ನ ತಮ್ಮ ಗೇಟ್ ಮಾಡಾವಲ್ಲ?"

"ಇದನ್ನೂ ಮಾಡತಾನ."

ಅವಳು ಅಂಗಳದ ಮೂಲೆಯ ದಂಟೊಂದಕ್ಕೆ ಹಾಕಿ ಎಳೆದಳು. ದಂಟು ಸದ್ದಿಲ್ಲದೆ ಮಲಗಿತು. ಅವಳು ಹೊಗಳಲಿಲ್ಲ, ಅವಳ ಬಾಯಿಗೆ ಆ ರೂಢಿಯಿಲ್ಲ. "ಹನ್ನೆರಡು ಬೇಕು, ಸೋಮಾರದೊಳಗ" ಎಂದು ಸೆರಗು ಸಿಕ್ಕಿಸಿಕೊಂಡು ನಡೆದಳು. ಹಿರೇಹಂದಿಗೋಳದ ಹೆಸರು ಎತ್ತಲಿಲ್ಲ.

ಆಡಿನ ಹಣ ಒಂದೂವರೆ ಸಾವಿರ ಮನಿಆರ್ಡರ್ ಮಾಡಿದ್ದೇನೆ. ಉಳಿದ ಐದುನೂರು ರಾಶಿಯಾದ ಮೇಲೆ. ವಾಪಸ್ ಕಳಿಸಿದರೆ ನಿನ್ನ ಅಂಗಡಿಗೇ ಬಂದು ಕಾಲು ಮುರಿಯುತ್ತೇನೆ. ಅಡಿಗಲ್ಲನ್ನು ಪುಕ್ಕಟೆ ತೆಗೆದುಕೊಳ್ಳಬಾರದು. ಮುಂಡರಗಿಯವನ ಚಪ್ಪಲಿಯನ್ನೂ ಅವನಿಗೆ ಮುಟ್ಟಿಸು, ಪರರ ಚಪ್ಪಲಿ ಇಟ್ಟುಕೊಂಡು ದೊಡ್ಡ ಮಷೀನು ಕೊಂಡರೆ ಬರಕತ್ತು ಇರುವುದಿಲ್ಲ.

ನನ್ನ ಸಿಟ್ಟು ಇಳಿದಿದೆಯೆಂದು ತಿಳಿಯಬೇಡ. ತಗ್ಗಿನ ಆಚೆ ಇನ್ನೂ ಒಂದು ಉಬ್ಬು ಉಳಿದಿದೆ, ಅಲಗಿನ ತುದಿ ಅಲ್ಲಿ ಎಡವುತ್ತದೆ. ಶುಕ್ರವಾರ ಬಾ.

ಅಬ್ಬಾ ಹೇಳಿದ್ದು ಸುಳ್ಳಾಗಲಿಲ್ಲ. ನೀನು ನಿಲ್ಲುವ ಕಡೆಯ ಗೋಡೆಯನ್ನು ನಿನ್ನೆ ಮೊಣಕಾಲೆತ್ತರಕ್ಕೆ ಕೆಡವಿಸಿದೆ. ಅತ್ತೆ ಅತ್ತರು, ಆಮೇಲೆ ತಾವೇ ಬುಟ್ಟಿಯಲ್ಲಿ ಮಣ್ಣು ಹೊತ್ತು ಹಾಕಿದರು. ಇನ್ನು ನಿನ್ನ ಚಮ್ಮಟಿಗೆ ಪೂರ್ತಿ ತಿರುಗುತ್ತದೆ.

ನಿನ್ನ ಅಕ್ಕ
ರೋಶನಬಿ